ಚಿನ್ನದ ಊರಿನಲ್ಲಿ ಅಕ್ಕಿಯ ಲೆಕ್ಕ

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ನಿಲ್ದಾಣದಲ್ಲಿ ಜನ ಸೇರಿರುತ್ತಾರೆ. ಹೆಗಲಿಗೊಂದು ಚೀಲ, ಚೀಲದೊಳಗೊಂದು ಊಟದ ಡಬ್ಬಿ. ಚಾಂಪಿಯನ್, ಊರಿಗಾಂ, ಕೋರಮಂಡಲ ಎಂದು ನಿಲ್ಲುತ್ತ ನಿಲ್ಲುತ್ತ ರೈಲು ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಕೂರುವ ಮಾತಿರಲಿ, ಕಾಲೂರಲೂ ಜಾಗ ಸಿಗುವುದು ಕಷ್ಟ. ಅಲ್ಲಿಂದ ಮುಂದೆ ಬೆಂಗಳೂರಿಗೆ ಸುಮಾರು 70 ಕಿ.ಮೀ. ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು, ಕಟ್ಟಡದ ಕೆಲಸಕ್ಕೆ ಹೊರಟ ಗಂಡಸರು, ಕಾವಲು ಕೆಲಸದವರು, ಅಂಗಡಿಗಳ ಸಹಾಯಕರು, ಇವರ ನಡುವೆ ಪುಸ್ತಕ ಬಿಡಿಸಿಕೊಂಡು ನಿಂತ ಕಾಲೇಜು ಹುಡುಗ ಹುಡುಗಿಯರು.

ಅವರ ಡಬ್ಬಿಗಳಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ಅನ್ನ ಸಾರೋ ಇರುತ್ತದೆ. ಆ ಅನ್ನದ ಅಕ್ಕಿ ಬಹಳಷ್ಟು ಮನೆಗಳಿಗೆ ಬಂದದ್ದು ‘ಸೊಸೈಟಿ’ಯಿಂದ, ಅಂದರೆ ನ್ಯಾಯಬೆಲೆ ಅಂಗಡಿಯಿಂದ. ಇದನ್ನು ಬಿಟ್ಟಿ ಅಕ್ಕಿ ಎಂದು ಹಗುರವಾಗಿ ಆಡುವವರೂ ಉಂಟು. ಆದರೆ ಅದೇ ರೈಲಿನಲ್ಲಿ ನಿಂತ ವಿದ್ಯಾರ್ಥಿಯ ಕಾಲೇಜು ಶುಲ್ಕ, ಸೀಸನ್ ಪಾಸು, ನೋಟ್‌ಪುಸ್ತಕಗಳಿಗೆ ಹಣ ಎಲ್ಲಿಂದ ಹೊಂದಿತು ಎಂದು ಹುಡುಕುತ್ತ ಹೋದರೆ, ದಾರಿ ಬಂದು ನಿಲ್ಲುವುದು ಆ ಅಕ್ಕಿಯ ಚೀಲದ ಬಳಿಯೇ.

ಸಂಬಳ ನಿಂತ ಊರು

ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಿದ್ದು 1880ರಲ್ಲಿ. ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದದ್ದು 1902ರಲ್ಲಿ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರ ಸರ್ಕಾರದ ಕೈಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಈ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಚಿನ್ನ ಪೂರ್ತಿ ಮುಗಿದಿತ್ತೆಂದಲ್ಲ, ಮೂರು ಕಿ.ಮೀ. ಆಳಕ್ಕಿಳಿದು ತೆಗೆದ ಚಿನ್ನಕ್ಕೆ ತಗಲುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ಅದೇ ಚಿನ್ನ 2025ರ ಏಪ್ರಿಲ್‌ನಲ್ಲಿ 10 ಗ್ರಾಮಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಆ ಸುದ್ದಿ ಓದಿದವರ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಗಣಿ ಮುಚ್ಚಿದಾಗ ಹೋದದ್ದು ಸಂಬಳವೊಂದೇ ಅಲ್ಲ. ಆಸ್ಪತ್ರೆ, ನೀರು, ವಿದ್ಯುತ್ತು, ಮನೆ ಎಲ್ಲವೂ ಗಣಿಯನ್ನೇ ನೆಚ್ಚಿಕೊಂಡಿದ್ದವು. ತಿಂಗಳ ಕೊನೆಗೆ ಖಚಿತವಾಗಿ ಕೈಸೇರುತ್ತಿದ್ದ ಹಣದ ಜಾಗಕ್ಕೆ ದಿನಗೂಲಿ ಬಂತು. 1964ರಲ್ಲಿ ಆರಂಭವಾದ ಬೆಮೆಲ್ ಕಾರ್ಖಾನೆ ಊರಿಗೆ ಒಂದಿಷ್ಟು ಆಸರೆಯಾಗಿತ್ತಾದರೂ ಗಣಿ ಬಿಟ್ಟವರಿಗೆಲ್ಲ ಅಲ್ಲಿ ಕೆಲಸ ಸಿಗುವಂತಿರಲಿಲ್ಲ. ಬೆಂಗಳೂರಿನ ರೈಲೇ ಊರಿನ ಹೊಸ ಗಣಿಯಾಯಿತು. ಕೂಲಿಯ ಹಣ ಬರುತ್ತದೆ, ಆದರೆ ಎಷ್ಟು ದಿನ ಬರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಮಳೆ ಬಂದರೆ ಕಟ್ಟಡದ ಕೆಲಸ ನಿಲ್ಲುತ್ತದೆ, ಜ್ವರ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಇಂಥ ಮನೆಯಲ್ಲಿ ಖಾತ್ರಿಯಾಗಿ ಬರುವುದು ಯಾವುದು ಎಂದು ಕೇಳಿದರೆ, ತಿಂಗಳ ಪಡಿತರ ಎಂಬುದೇ ಉತ್ತರ.

ಎಂಗೆಲ್ ಕಂಡುಕೊಂಡ ಸತ್ಯ

ಬಡವನ ಸಂಪಾದನೆಯಲ್ಲಿ ಹೊಟ್ಟೆಗೆ ಹೋಗುವ ಪಾಲು ದೊಡ್ಡದು, ಸಿರಿವಂತನ ಸಂಪಾದನೆಯಲ್ಲಿ ಚಿಕ್ಕದು. ಅಜ್ಜಿಯರಿಗೂ ಗೊತ್ತಿದ್ದ ಈ ಮಾತನ್ನು ಲೆಕ್ಕ ಹಾಕಿ ತೋರಿಸಿದವನು ಎರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ, 1857ರಲ್ಲಿ. (ಕಾರ್ಲ್ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಬೇರೆ, ಈತ ಬೇರೆ.) ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಎಂಗೆಲ್ ನಿಯಮ ಎಂದು ಓದುತ್ತಾರೆ. ಬೆಲೆ ಏರಿದಾಗ ಬಡಮನೆಗೆ ಬೇಗ ಪೆಟ್ಟು ಬೀಳುವುದೂ ಇದರಿಂದಲೇ. ಸಿರಿವಂತರ ಮನೆಯಲ್ಲಿ ಬೇಳೆಯ ಬೆಲೆ ಏರಿದರೆ ಉಳಿತಾಯ ಸ್ವಲ್ಪ ತಗ್ಗುತ್ತದೆ. ಕೂಲಿಯವರ ಮನೆಯಲ್ಲಿ ಏರಿದರೆ ಸಾರು ತೆಳ್ಳಗಾಗುತ್ತದೆ, ಇಲ್ಲವೇ ಮಗುವಿನ ಶುಲ್ಕ ಮುಂದಿನ ತಿಂಗಳಿಗೆ ಹೋಗುತ್ತದೆ.

ಇನ್ನು ನಮ್ಮ ಮನೆಗಳ ಲೆಕ್ಕ. ನಾಲ್ವರಿರುವ ಒಂದು ಬಿ.ಪಿ.ಎಲ್. ಕಾರ್ಡಿನ ಕುಟುಂಬವನ್ನು ತೆಗೆದುಕೊಳ್ಳಬಹುದು. 2025ರಲ್ಲಿ ಇದ್ದ ತಲಾ 10 ಕೆ.ಜಿ. ಲೆಕ್ಕದಂತೆ ತಿಂಗಳಿಗೆ 40 ಕೆ.ಜಿ. ಧಾನ್ಯ. 2023ರಲ್ಲಿ ಅಕ್ಕಿ ಒದಗಿಸಲಾಗದೆ ಹಣ ಕೊಟ್ಟಾಗ ರಾಜ್ಯ ಸರ್ಕಾರವೇ ಕೆ.ಜಿ.ಗೆ 34 ರೂ. ಬೆಲೆ ಕಟ್ಟಿತ್ತು. ಆ ಲೆಕ್ಕ ಹಿಡಿದರೆ 40 ಕೆ.ಜಿ.ಗೆ 1,360 ರೂ. ವರ್ಷಕ್ಕೆ 16,320 ರೂ. ತಿಂಗಳಿಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಬದುಕುವ ಮನೆಗೆ ಇದು ಒಂದೂವರೆ ತಿಂಗಳಿಗೂ ಹೆಚ್ಚಿನ ಸಂಪಾದನೆ. ಅಕ್ಕಿ ಕೊಳ್ಳಲು ಹೋಗದೆ ಉಳಿದ ಈ ಹಣವೇ ಶುಲ್ಕವಾಗುತ್ತದೆ, ಪಾಸಾಗುತ್ತದೆ, ಅಜ್ಜನ ಮಾತ್ರೆಯಾಗುತ್ತದೆ. ಯಾವ ಲೆಕ್ಕಪುಸ್ತಕದಲ್ಲೂ ಇದಕ್ಕೆ ಬೇರೆ ಕಾಲಂ ಇಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಧಾತು ಬರದಿಂದ ಅನ್ನಭಾಗ್ಯದವರೆಗೆ

ಹಸಿದವರಿಗೆ ಅನ್ನ ಕೊಡುವ ಕೆಲಸ ಸರ್ಕಾರದ್ದು ಎಂಬ ಮಾತು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಕೋಲಾರದ ಕಡೆಯ ಹಳಬರ ಮಾತಿನಲ್ಲಿ ಬಹುಕಾಲ ಉಳಿದಿದ್ದ ಧಾತು-ಈಶ್ವರ ಸಂವತ್ಸರಗಳ ಬರ 1876ರಿಂದ 1878ರವರೆಗಿನದು. ತಮಿಳು ಮಾತಿನಲ್ಲೂ ಅದು ‘ಧಾತು ವರ್ಷದ ಪಂಜ’ವೇ. 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂದು ತೆರೆದ ಗಂಜಿ ಕೇಂದ್ರಗಳು ಬಹಳ ಜನಕ್ಕೆ ತಲುಪಿದ್ದು ತಡವಾಗಿ. ಆ ಬರ ಕಳೆದ ಕೆಲವೇ ವರ್ಷಗಳಲ್ಲಿ ಚಿನ್ನದ ಗಣಿಗೆ ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಕೂಲಿಗಳು ಬಂದು ನೆಲೆಸತೊಡಗಿದರು. ಅವರ ಮರಿಮಕ್ಕಳೇ ಇಂದು ರೈಲು ಹತ್ತುತ್ತಿರುವವರಲ್ಲಿ ಅನೇಕರು.

ಬೇರೆ ದೇಶಗಳೂ ಈ ದಾರಿಯಲ್ಲೇ ನಡೆದಿವೆ. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ 1940ರಲ್ಲಿ ಆರಂಭವಾದ ಪಡಿತರ ಪೂರ್ತಿ ನಿಂತದ್ದು 1954ರಲ್ಲಿ. ಅಮೆರಿಕದಲ್ಲಿ 1939ರಲ್ಲಿ ರೋಚೆಸ್ಟರ್ ನಗರದಲ್ಲಿ ಆಹಾರದ ಚೀಟಿಗಳನ್ನು ಕೊಡುವ ಪ್ರಯೋಗ ನಡೆಯಿತು. ಬಡವರು ಒಂದು ಡಾಲರಿನ ಕಿತ್ತಳೆ ಬಣ್ಣದ ಚೀಟಿ ಕೊಂಡರೆ ಅರ್ಧ ಡಾಲರಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ರೈತರ ಬಳಿ ಮಿಕ್ಕಿದ ಪದಾರ್ಥ ಸಿಗುತ್ತಿತ್ತು. 1964ರಲ್ಲಿ ಅದು ಕಾನೂನೇ ಆಯಿತು. ಸಂಪತ್ತಿನ ದೇಶಕ್ಕೂ ಇದು ಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ನಮ್ಮಲ್ಲಿ 1997ರ ಜೂನ್‌ನಿಂದ ಬಡತನದ ರೇಖೆಯ ಮೇಲಿನವರು, ಕೆಳಗಿನವರು ಎಂಬ ವಿಂಗಡಣೆ ಬಂತು. 2000ದ ಡಿಸೆಂಬರ್‌ನಲ್ಲಿ ಕಡುಬಡವರಿಗಾಗಿ ಅಂತ್ಯೋದಯ ಅನ್ನ ಯೋಜನೆ ಬಂತು. ಎರಡೇ ತಿಂಗಳಲ್ಲಿ ಕೆ.ಜಿ.ಎಫ್.ನ ಗಣಿ ಮುಚ್ಚಿತು. 2013ರ ಜುಲೈ 10ರಂದು ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಗಿ ಕೆ.ಜಿ.ಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿಯೂ ಹೋಯಿತು. 2013ರಲ್ಲೇ ಸಂಸತ್ತು ಒಪ್ಪಿದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಲಾ 5 ಕೆ.ಜಿ. ಧಾನ್ಯವನ್ನು ಹಕ್ಕೆಂದು ಬರೆಯಿತು. 2023ರ ಜನವರಿಯಿಂದ ಕೇಂದ್ರವೂ ಈ 5 ಕೆ.ಜಿ.ಗೆ ಬೆಲೆ ಕೇಳುವುದನ್ನು ಬಿಟ್ಟಿತು. ರಾಜ್ಯದ ಹೆಚ್ಚುವರಿ 5 ಕೆ.ಜಿ.ಗೆ 2023ರ ಜುಲೈನಿಂದ ತಲಾ 170 ರೂ. ಬ್ಯಾಂಕ್ ಖಾತೆಗೆ ಬಂತು. 2025ರ ಆರಂಭದಲ್ಲಿ ಹಣ ನಿಂತು ಅಕ್ಕಿಯೇ ಬಂತು.

ಇವೆಲ್ಲ ಎಷ್ಟು ಬೇಕಾಗಿತ್ತು ಎಂದು ತೋರಿಸಿಕೊಟ್ಟದ್ದು 2020. ಆ ವರ್ಷದ ಮಾರ್ಚ್ 22ರಿಂದ ಪ್ರಯಾಣಿಕರ ರೈಲುಗಳು ನಿಂತವು. ರೈಲು ನಿಂತರೆ ಕೆ.ಜಿ.ಎಫ್., ಬಂಗಾರಪೇಟೆಯ ಸಾವಿರಾರು ಮನೆಗಳ ಒಲೆ ನಿಂತ ಹಾಗೆ. ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ತಲಾ 5 ಕೆ.ಜಿ. ಧಾನ್ಯವನ್ನು ಹೆಚ್ಚುವರಿಯಾಗಿ ಉಚಿತವಾಗಿ ಕೊಟ್ಟಿತು. ಶಾಲೆ ಮುಚ್ಚಿದ್ದರಿಂದ ಬಿಸಿಯೂಟದ ಅಕ್ಕಿ ಬೇಳೆಯನ್ನೂ ಮಕ್ಕಳ ಮನೆಗೆ ಹಂಚಲಾಯಿತು. ಕೂಲಿಯಿಲ್ಲದ ಆ ತಿಂಗಳುಗಳನ್ನು ಜನ ದಾಟಿದ್ದು ಈ ಅಕ್ಕಿಯ ಮೇಲೆ.

ಅನ್ನಕ್ಕೆ ಸಾರು ಬೇಡವೇ?

ಹಾಗೆಂದು ಅಕ್ಕಿಯೊಂದೇ ಊಟವಲ್ಲ. ಕೇಂದ್ರದ ಮಾದರಿ ಸಮೀಕ್ಷೆಗಳನ್ನು ನೋಡಿದರೆ, 1999-2000ದಲ್ಲಿ ಹಳ್ಳಿಯ ಕುಟುಂಬ ತನ್ನ ಖರ್ಚಿನ ಶೇಕಡಾ 59ರಷ್ಟನ್ನು ಆಹಾರಕ್ಕೆ ವೆಚ್ಚ ಮಾಡುತ್ತಿತ್ತು. 2022-23ರಲ್ಲಿ ಅದು ಶೇಕಡಾ 46ಕ್ಕೆ ಇಳಿಯಿತು. ಅದರಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳ ಪಾಲು ಶೇಕಡಾ 22ರಿಂದ ಶೇಕಡಾ 5ಕ್ಕೆ ಕುಸಿಯಿತು. ಇದರ ಅರ್ಥ ಸ್ಪಷ್ಟ. ಧಾನ್ಯದ ಭಾರ ಹಗುರವಾಗಿದೆ, ಜೇಬಿಗೆ ಕತ್ತರಿ ಬೀಳುತ್ತಿರುವುದು ಬೇಳೆ, ಎಣ್ಣೆ, ಹಾಲು, ತರಕಾರಿ, ಮೊಟ್ಟೆಗಳಲ್ಲಿ.

ಕೋಲಾರ ಜಿಲ್ಲೆಯಲ್ಲಿ ಇದರ ವಿಚಿತ್ರವನ್ನು 2023ರ ಜುಲೈನಲ್ಲಿ ಎಲ್ಲರೂ ಕಂಡರು. ಟೊಮೆಟೊಗೆ ಹೆಸರಾದ ಕೋಲಾರದ ಮಾರುಕಟ್ಟೆಯಲ್ಲೇ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಬೆಲೆ ಬಿದ್ದು ರಸ್ತೆಬದಿಗೆ ಸುರಿಯುವ ಹಣ್ಣನ್ನು ಆ ತಿಂಗಳು ಬೆಳೆಯುವ ಊರಿನ ಕೂಲಿಯವರೇ ಕೊಳ್ಳಲಾರದಾದರು. ಹುಣಸೆಹಣ್ಣಿನ ಸಾರಿಗೆ ಮರಳಿದ ಮನೆಗಳು ಎಷ್ಟೋ.

ಇದೇ ಸೀಮೆಯ ಮುಖ್ಯ ಬೆಳೆ ರಾಗಿ. ಮುದ್ದೆ, ಅವರೆಕಾಳಿನ ಸಾರು, ಹುರುಳಿಯ ಬಸ್ಸಾರು ಇಲ್ಲಿನವರ ಊಟ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ರೈತರಿಂದ ಬೆಂಬಲ ಬೆಲೆಗೆ ಕೊಂಡ ರಾಗಿಯನ್ನು ಹಳೆ ಮೈಸೂರಿನ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಜೊತೆ ಕೊಡುವ ಪದ್ಧತಿ ಇದರಿಂದಲೇ ಬೆಳೆಯಿತು. 2025-26ಕ್ಕೆ ಆ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂ. ಹೊಲದವನಿಗೂ ಒಲೆಯವಳಿಗೂ ಒಟ್ಟಿಗೆ ಅನುಕೂಲವಾಗುವ ವ್ಯವಸ್ಥೆ ಇದು.

ಅಕ್ಕಿ ಹೆಚ್ಚಾಗಿ ಬೇಳೆ ಇಲ್ಲದಾಗ ಒಂದು ಕೆಟ್ಟ ವ್ಯಾಪಾರವೂ ಹುಟ್ಟಿಕೊಳ್ಳುತ್ತದೆ. ಮಿಕ್ಕ ಅಕ್ಕಿಯನ್ನು ಬಾಗಿಲಿಗೆ ಬಂದವರಿಗೆ ಅಗ್ಗಕ್ಕೆ ಮಾರಿ ಆ ದುಡ್ಡಿನಲ್ಲಿ ಎಣ್ಣೆ ತರುವುದು. ಇದು ಅಪರಾಧ, ಮಾರಿದವರ ಕಾರ್ಡಿಗೂ ಕುತ್ತು. ಆದರೆ ಅದರ ಬೇರು ತಟ್ಟೆಯಲ್ಲಿನ ಕೊರತೆಯಲ್ಲಿದೆ ಎಂಬುದೂ ನಿಜ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರದ ಕಿಟ್ ಕೊಡಲು ತೀರ್ಮಾನಿಸಿದ್ದು ಈ ಹಿನ್ನೆಲೆಯಲ್ಲೇ.

ಶಾಲೆಯ ಗಂಟೆ, ಊಟದ ಗಂಟೆ

ಮಕ್ಕಳಿರುವ ಮನೆಗೆ ಇನ್ನೊಂದು ಆಸರೆ ಬಿಸಿಯೂಟ. ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿ ಶಾಲೆಯ ಊಟವನ್ನು ವ್ಯಾಪಕವಾಗಿ ಆರಂಭಿಸಿದರು, ಎಂ.ಜಿ.ಆರ್. 1982ರಲ್ಲಿ ಅದನ್ನು ಬಲಪಡಿಸಿದರು. ದೇಶಕ್ಕೆಲ್ಲ ಅದು ಬಂದದ್ದು 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ನಂತರ. ಅಲ್ಲಿಯವರೆಗೆ ಮಕ್ಕಳಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಕೊಟ್ಟು ಕಳುಹಿಸುವುದಿತ್ತು. ಅದು ಮನೆಯ ಮೂಟೆಗೆ ಸೇರಿಹೋಗುತ್ತಿತ್ತು. ಕರ್ನಾಟಕದಲ್ಲಿ ಬೇಯಿಸಿದ ಊಟ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅಕ್ಷರ ದಾಸೋಹ ಎಂಬ ಹೆಸರೇ ಅದರ ಉದ್ದೇಶ ಹೇಳುತ್ತದೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, ಆನಂತರ ಮೊಟ್ಟೆ ಅಥವಾ ಬಾಳೆಹಣ್ಣು, 2024ರಲ್ಲಿ ರಾಗಿ ಮಾಲ್ಟ್ ಸೇರಿಕೊಂಡವು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೆಯ ತರಗತಿಗೆ 150 ಗ್ರಾಂ ಧಾನ್ಯ, 20 ಗ್ರಾಂ ಪ್ರೋಟೀನು ಎಂಬುದು ನಿಯಮ.

ರಾಜ್ಯ ತನ್ನ ಖರ್ಚಿನಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೂ ಈ ಊಟ ಕೊಡುತ್ತ ಬಂದಿದೆ. ಹೆಚ್ಚಿನ ಮಕ್ಕಳಿಗೆ ಇದು ಮುಗಿಯುವುದು ಪಿ.ಯು.ಸಿ. ಹೊಸ್ತಿಲಲ್ಲಿ. ಗಮನಿಸಬೇಕಾದ ಜಾಗ ಇದೇ. ಶಾಲೆಯ ಊಟ ನಿಲ್ಲುವ ವರ್ಷವೇ ಕಾಲೇಜು ಶುಲ್ಕ, ದೂರದ ಪ್ರಯಾಣ, ಹೊಸ ಪುಸ್ತಕಗಳ ಖರ್ಚು ಶುರುವಾಗುತ್ತದೆ. ಹದಿನಾರರ ಹುಡುಗನಿಗೆ ಹಸಿವೂ ಹೆಚ್ಚು. ‘ಓದು ಬಿಟ್ಟು ನಾನೂ ರೈಲು ಹತ್ತುತ್ತೇನೆ’ ಎಂಬ ಯೋಚನೆ ಬರುವುದು ಸಾಮಾನ್ಯವಾಗಿ ಈ ವಯಸ್ಸಿನಲ್ಲೇ. ಆ ಎರಡು ವರ್ಷ ಮನೆಯ ಪಡಿತರ ತಪ್ಪದೆ ಬಂದರೆ ಓದು ಮುಂದುವರಿಯುವ ಸಾಧ್ಯತೆ ಹೆಚ್ಚು. ತಪ್ಪಿದರೆ ಪುಸ್ತಕ ಮೂಲೆ ಸೇರುತ್ತದೆ.

ಹೆಬ್ಬೆಟ್ಟಿನ ಕಥೆ

ಪಡಿತರ ತಪ್ಪುವುದಾದರೂ ಯಾಕೆ? ಒಂದು ಕಾರಣ ಹೆಬ್ಬೆಟ್ಟು. ಕೆ.ಜಿ.ಎಫ್.ಗೆ ಇದರಲ್ಲೊಂದು ಇತಿಹಾಸವಿದೆ. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ತಮ್ಮನ್ನು ಕಳ್ಳರಂತೆ ಕಾಣುತ್ತಾರೆಂಬುದು ಅವರ ಸಿಟ್ಟು. ಇಂದು ಅದೇ ಊರಿನಲ್ಲಿ ಯಂತ್ರಕ್ಕೆ ಬೆರಳೊತ್ತಿದರೆ ಮಾತ್ರ ಅಕ್ಕಿ. ಬಂಡೆ ಕೊರೆದವರ, ಇಟ್ಟಿಗೆ ಹೊತ್ತವರ, ಪಾತ್ರೆ ತಿಕ್ಕಿದವರ ಬೆರಳ ರೇಖೆಗಳು ಸವೆದಿರುತ್ತವೆ. ಯಂತ್ರ ಗುರುತು ಹಿಡಿಯುವುದಿಲ್ಲ. ಕೆಲವೊಮ್ಮೆ ಸರ್ವರ್ ಓಡುವುದಿಲ್ಲ. ಒಂದು ದಿನ ಸಾಲಿನಲ್ಲಿ ನಿಂತು ಬರಿಗೈಲಿ ಮರಳಿದರೆ ಆ ದಿನದ ಕೂಲಿಯೂ ಹೋದಂತೆ.

ಬೆರಳು ಹೊಂದಲಿಲ್ಲವೆಂದು, ಆಧಾರ್ ಇಲ್ಲವೆಂದು ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಇದು ಎಷ್ಟೋ ಜನಕ್ಕೆ ತಿಳಿದಿಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅಜ್ಜ ಅಜ್ಜಿಯರ ಪರವಾಗಿ ಇದನ್ನು ಕೇಳಬಹುದು.

ಎರಡನೆಯ ಕಾರಣ ಕಾರ್ಡು ರದ್ದಾಗುವುದು. ಬಿ.ಪಿ.ಎಲ್. ಕಾರ್ಡಿಗೆ ರಾಜ್ಯದ ಮಾನದಂಡದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 1.20 ಲಕ್ಷ ರೂ. ಮೀರುವಂತಿಲ್ಲ, ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಅರ್ಹರಲ್ಲ. ಅನರ್ಹರನ್ನು ತೆಗೆಯುವುದು ನ್ಯಾಯವೇ. ಆದರೆ ಕೊಡಲಿ ಎಲ್ಲೆಲ್ಲೋ ಬೀಳುವುದುಂಟು. 2024ರ ನವೆಂಬರ್‌ನಲ್ಲಿ ಕಾರ್ಡುಗಳ ರದ್ದತಿ ರಾಜ್ಯದಲ್ಲಿ ಗದ್ದಲವೆಬ್ಬಿಸಿ, ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟಬಾರದೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ತಿಂಗಳಿಗೆ ಹತ್ತು ಸಾವಿರವೆಂಬ ಗೆರೆಯೂ ಯೋಚಿಸಬೇಕಾದ್ದೇ. ಮಗಳು ಡಿಗ್ರಿ ಮುಗಿಸಿ ಮೊದಲ ಸಂಬಳ ತಂದ ಕೂಡಲೇ ಮನೆ ಆ ಗೆರೆ ದಾಟುತ್ತದೆ. ಆದರೆ ಒಂದು ಸಂಬಳದಿಂದ ಹಳೆಯ ಸಾಲ ತೀರುವುದಿಲ್ಲ, ತಮ್ಮನ ಓದು ಮುಗಿಯುವುದಿಲ್ಲ.

ಮನೆಯವರು ತಿಳಿದಿರಬೇಕಾದ್ದು

ಕಾರ್ಡಿನಲ್ಲಿರುವ ಎಲ್ಲರ ಇ-ಕೆ.ವೈ.ಸಿ. ಆಗಿದೆಯೇ ಎಂದು ನೋಡಿಕೊಳ್ಳುವುದು ಮೊದಲ ಕೆಲಸ. ಅದಕ್ಕೆ ಸೊಸೈಟಿಗೆ ಹೋಗಿ ಬೆರಳೊತ್ತಿದರಾಯಿತು. ಕೂಸು ಹುಟ್ಟಿದರೆ, ಸೊಸೆ ಬಂದರೆ ಹೆಸರು ಸೇರಿಸಬೇಕು. ತಲೆ ಲೆಕ್ಕದ ಪಡಿತರದಲ್ಲಿ ಬಿಟ್ಟುಹೋದ ಹೆಸರೆಂದರೆ ಬಿಟ್ಟುಹೋದ ಅಕ್ಕಿ. ಕೆಲಸಕ್ಕೆಂದು ಬೆಂಗಳೂರಿನಲ್ಲೇ ನೆಲೆಸಿದವರು ಊರಿಗೆ ಬಂದೇ ಅಕ್ಕಿ ಒಯ್ಯಬೇಕೆಂದಿಲ್ಲ. 2020ರ ಜನವರಿಯಲ್ಲಿ ಕರ್ನಾಟಕ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಸೇರಿದೆ. ಇರುವಲ್ಲಿಯೇ ಯಾವುದಾದರೂ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಬಹುದು. ತೂಕದಲ್ಲಿ ಮೋಸವಾದರೆ, ಹಣ ಕೇಳಿದರೆ, ಕಾರ್ಡು ಕಾರಣವಿಲ್ಲದೆ ರದ್ದಾದರೆ 1967 ಸಂಖ್ಯೆಗೆ ಫೋನ್ ಮಾಡಬಹುದು, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಬಹುದು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ಇದೆ. ಸಂಕೋಚದಿಂದ ಬಿಡುವವರು ಕೂಸಿನ ಪಾಲನ್ನೇ ಬಿಟ್ಟಂತೆ.

ಸಂಕೋಚವೆಂಬುದು ಮಕ್ಕಳಲ್ಲೂ ಇದೆ. ಪಡಿತರದ ಸಾಲಿನಲ್ಲಿ ಚೀಲ ಹಿಡಿದು ನಿಂತಾಗ ಕ್ಲಾಸಿನ ಗೆಳೆಯರು ಕಂಡಾರೆಂದು ಮುಖ ತಿರುಗಿಸುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಹೇಳಬೇಕಾದ ಮಾತು ಒಂದೇ. ನೂರಿಪ್ಪತ್ತು ವರ್ಷ ಭೂಮಿಯ ಹೊಟ್ಟೆಗಿಳಿದು ದೇಶದ ಬೊಕ್ಕಸಕ್ಕೆ ಚಿನ್ನ ತುಂಬಿದ ಜನರ ಮನೆಗೆ ಬರುತ್ತಿರುವ ಅಕ್ಕಿ ಇದು. ಅದನ್ನು ಯಾರೂ ಭಿಕ್ಷೆಯೆಂದು ತಿಳಿಯಬೇಕಿಲ್ಲ.

ಕತ್ತಲಾದ ಮೇಲೆ ಬೆಂಗಳೂರಿನಿಂದ ರೈಲು ಮರಳುತ್ತದೆ. ಬಂಗಾರಪೇಟೆಯಲ್ಲಿ ಅರ್ಧ ಜನ ಇಳಿಯುತ್ತಾರೆ. ಉಳಿದವರು ಖಾಲಿ ಡಬ್ಬಿ ಹಿಡಿದು ಮಾರಿಕುಪ್ಪಂವರೆಗೆ ಹೋಗುತ್ತಾರೆ. ಬೆಳಿಗ್ಗೆ ನಿಂತುಕೊಂಡೇ ಓದಿದ ಹುಡುಗಿಗೆ ಈಗ ಕೂರಲು ಜಾಗ ಸಿಕ್ಕಿರುತ್ತದೆ. ಮನೆಯಲ್ಲಿ ಅಷ್ಟು ಹೊತ್ತಿಗೆ ಅನ್ನಕ್ಕೆ ಇಟ್ಟಿರುತ್ತಾರೆ.